ಸಾವಿರ ಅಡಿಯ ಮರ್ಯಾದೆ

ಆಕಾಶ ದೊಡ್ಡದು ಎಂಬ ಒಂದೇ ಧೈರ್ಯದ ಮೇಲೆ ವಿಮಾನ ಹತ್ತುವವರು ನಮ್ಮಲ್ಲಿ ಬಹಳ ಮಂದಿ. ನಮ್ಮ ಮಾವನವರಂತೂ ವಿಮಾನ ಹತ್ತದೆಯೇ ಈ ಧೈರ್ಯ ಇಟ್ಟುಕೊಂಡವರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದ ಅವರ ಕಣ್ಣಿಗೆ ಹಳಿಯ ಮೇಲೆ ಓಡದ ಯಾವುದೂ ಗಂಭೀರವಾದ ವಾಹನವಲ್ಲ. ನಮ್ಮ ಮನೆ ಯಲಹಂಕದ ಆಚೆ. ಸಂಜೆ ಕಾಫಿ ಲೋಟ ಹಿಡಿದು ತಾರಸಿಯ ಮೇಲೆ ಕೂತರೆ ದೇವನಹಳ್ಳಿಯತ್ತ ಇಳಿಯುವ ವಿಮಾನಗಳು ದೀಪ ಹಚ್ಚಿಕೊಂಡು ಒಂದರ ಹಿಂದೊಂದು ಬರುವುದು ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ಮಾವನವರು ಒಂದೇ ರಾಗ: “ನೋಡಿ ಅಳಿಯಂದ್ರೇ, ನಮ್ದು ಒಂದೇ ಹಳಿ, ಎದುರುಬದುರು ಎರಡು ಗಾಡಿ. ಅದನ್ನ ಸಂಭಾಳಿಸೋದು ಕೆಲಸ. ಇವರಿಗೇನು, ಮೇಲೆ ಕೆಳಗೆ ಆಚೆ ಈಚೆ ಎಲ್ಲಾ ಖಾಲಿ. ಗುದ್ದಬೇಕು ಅಂದ್ರೂ ಹುಡುಕ್ಕೊಂಡು ಹೋಗಿ ಗುದ್ದಬೇಕು.”

ವಾದ ಕೇಳುವುದಕ್ಕೆ ಚೆನ್ನಾಗಿದೆ. ತೊಂದರೆ ಏನೆಂದರೆ, ಆಕಾಶ ನಿಜಕ್ಕೂ ಖಾಲಿಯಿದ್ದ ಕಾಲದಲ್ಲೇ ವಿಮಾನಗಳು ಗುದ್ದಿಕೊಂಡಿವೆ. 1922ರ ಏಪ್ರಿಲ್ 7ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಟಪಾಲು ಹೊತ್ತ ಒಂದು ವಿಮಾನ ಪ್ಯಾರಿಸ್ಸಿಗೆ ಹೊರಟಿತ್ತು. ಪ್ಯಾರಿಸ್ಸಿನಿಂದ ಪ್ರಯಾಣಿಕರನ್ನು ಹೊತ್ತ ಇನ್ನೊಂದು ಲಂಡನ್ನಿಗೆ ಹೊರಟಿತ್ತು. ಉತ್ತರ ಫ್ರಾನ್ಸಿನಲ್ಲಿ ಅವತ್ತು ಮಂಜು ಕವಿದಿತ್ತು. ಆಗಿನ ಪೈಲಟ್‌ಗಳಿಗೆ ದಾರಿ ತೋರಿಸುತ್ತಿದ್ದದ್ದು ನೆಲದ ಮೇಲಿನ ರಸ್ತೆ, ಹಳಿ, ಹೊಳೆಗಳೇ. ಮಂಜಿನಲ್ಲಿ ಅವು ಕಾಣಬೇಕಾದರೆ ತಗ್ಗಿನಲ್ಲಿ ಹಾರಬೇಕು. ಇಬ್ಬರೂ ತಗ್ಗಿದರು, ಇಬ್ಬರೂ ಒಂದೇ ರಸ್ತೆಯ ಜಾಡು ಹಿಡಿದರು, ಪಿಕಾರ್ಡಿ ಸೀಮೆಯ ಮೇಲೆ ಮುಖಾಮುಖಿಯಾದರು. ಏಳು ಮಂದಿ ಸತ್ತರು. ಪ್ರಯಾಣಿಕ ವಿಮಾನ ಮಾರ್ಗಗಳ ಚರಿತ್ರೆಯಲ್ಲಿ ಇಂಥ ಡಿಕ್ಕಿ ಅದೇ ಮೊದಲು.

“ಅಂದ್ರೆ ಅಲ್ಲೂ ಹಳಿ ಇದೆ ಅನ್ನಿ” ಅಂದರು ಮಾವ. ಸ್ವರದಲ್ಲಿ ಸ್ವಲ್ಪ ಗೌರವ ಬಂದಿತ್ತು.

ಇದೆ. ಆಕಾಶ ಎಷ್ಟೇ ಅಗಲವಿದ್ದರೂ ಎಲ್ಲರಿಗೂ ಬೇಕಾದದ್ದು ಅದೇ ನಾಲ್ಕು ಊರು, ಅದೇ ಹತ್ತಿರದ ದಾರಿ, ಅದೇ ಅನುಕೂಲದ ಎತ್ತರ. ಆ ಅಪಘಾತದ ನಂತರ ಪೈಲಟ್‌ಗಳು, ಕಂಪನಿಗಳು ಕೂತು ಮಾತಾಡಿ ಬಲಗಡೆಗೇ ಇರಬೇಕು ಎಂಬ ಪದ್ಧತಿ ತಂದರು. ಇಂದಿಗೂ ಎರಡು ವಿಮಾನ ಎದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕೆಂಬುದೇ ಲೋಕದ ಕಾನೂನು. ಎಡಗಡೆ ಗಾಡಿ ಓಡಿಸುವ ನಮ್ಮ ದೇಶಕ್ಕೂ, ಇಂಗ್ಲೆಂಡಿಗೂ ಆಕಾಶದಲ್ಲಿ ವಿನಾಯಿತಿಯಿಲ್ಲ. ಅದೇ ಕಾನೂನಿನಲ್ಲಿ ಇನ್ನೊಂದು ಸೊಗಸಾದ ಕಲಮು ಇದೆ. ಎಂಜಿನ್ ಇರುವ ವಿಮಾನ ಗ್ಲೈಡರಿಗೆ ದಾರಿ ಬಿಡಬೇಕು, ಗ್ಲೈಡರು ಬಲೂನಿಗೆ ಬಿಡಬೇಕು. ಬಲೂನು ಯಾರಿಗೂ ಬಿಡಬೇಕಿಲ್ಲ, ಬಿಡೋಣವೆಂದರೂ ಅದಕ್ಕೆ ಚುಕ್ಕಾಣಿಯಿಲ್ಲ. ತಪ್ಪಿಸಿಕೊಳ್ಳುವ ಶಕ್ತಿ ಯಾರಿಗೆ ಕಡಿಮೆಯೋ ಅವನಿಗೆ ಹಕ್ಕು ಹೆಚ್ಚು. ಇಷ್ಟು ಧರ್ಮಬುದ್ಧಿಯ ಕಾನೂನು ನೆಲದ ಮೇಲೆ ಕಂಡದ್ದು ಕಡಿಮೆ.

ಬಲಕ್ಕೆ ತಿರುಗುವುದೇನೋ ಸರಿ, ಎದುರಿನವನು ಕಂಡರೆ ತಾನೇ? ಹೀಗಾಗಿ ಕೆಳಗಿನಿಂದ ನೋಡಿ ಹೇಳುವ ಒಬ್ಬ ಬೇಕಾದ. ಅಮೆರಿಕದ ಸೇಂಟ್ ಲೂಯಿಸ್ ವಿಮಾನ ನಿಲ್ದಾಣದಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತನಿಗೆ ಆ ಕೆಲಸ ಸಿಕ್ಕಿತು. ಅವನ ಕಚೇರಿ ಎಂದರೆ ಒಂದು ತಳ್ಳುಗಾಡಿ. ಬೆಳಿಗ್ಗೆ ಅದರಲ್ಲಿ ಒಂದು ಮಡಿಚುವ ಕುರ್ಚಿ, ಬಿಸಿಲಿಗೊಂದು ದೊಡ್ಡ ಛತ್ರಿ, ನೋಟ್‌ಬುಕ್ಕು, ಬುತ್ತಿ ಮತ್ತು ಎರಡು ಬಾವುಟ ಇಟ್ಟುಕೊಂಡು ಮೈದಾನದ ತುದಿಗೆ ತಳ್ಳಿಕೊಂಡು ಹೋಗುವನು. ಚೌಕಳಿ ಬಾವುಟ ಬೀಸಿದರೆ ಹೊರಡು, ಕೆಂಪು ಬಾವುಟವಾದರೆ ತಡಿ. ಮಾವನವರಿಗೆ ಈ ಮನುಷ್ಯ ಬಹಳ ಹಿಡಿಸಿದ. ಬಾವುಟ ಹಿಡಿದವನು ತಮ್ಮ ಇಲಾಖೆಯವನೇ ಎಂಬ ಅಭಿಮಾನ ಇರಬೇಕು.

ಬಾವುಟ ಕಣ್ಣಳತೆಯವರೆಗೆ ಮಾತ್ರ. ಊರೂರಿನ ನಡುವಿನ ಆಕಾಶಕ್ಕೆ ಏನು ಗತಿ? 1935ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂವರ್ಕ್‌ನಲ್ಲಿ ವಿಮಾನ ಕಂಪನಿಗಳೇ ಸೇರಿ ಒಂದು ಕೋಣೆ ತೆರೆದವು. ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಒಂದೊಂದು ವಿಮಾನಕ್ಕೂ ಒಂದೊಂದು ಪುಟ್ಟ ಬಿಲ್ಲೆ. ಕೋಣೆಯವರಿಗೂ ಪೈಲಟ್‌ಗೂ ನೇರ ಮಾತಿಲ್ಲ. ಕಂಪನಿಯವರಿಗೆ ಫೋನ್ ಮಾಡಬೇಕು, ಅವರು ರೇಡಿಯೋದಲ್ಲಿ ಪೈಲಟ್‌ಗೆ ಹೇಳಬೇಕು, ಉತ್ತರ ಅದೇ ದಾರಿಯಲ್ಲಿ ವಾಪಸು ಬರಬೇಕು. ಬಂದ ಮೇಲೆ ಇವರು ಬಿಲ್ಲೆಯನ್ನು ಕೈಯಿಂದ ಒಂದಿಷ್ಟು ಮುಂದೆ ಸರಿಸಬೇಕು.

ಮುಂದೆ ಬಿಲ್ಲೆಯ ಕೆಲಸವನ್ನು ಒಂದು ಕಾಗದದ ಪಟ್ಟಿ ವಹಿಸಿಕೊಂಡಿತು. ಬೆರಳಗಲದ ಪಟ್ಟಿ, ಅದಕ್ಕೊಂದು ಪ್ಲಾಸ್ಟಿಕ್ ತೊಟ್ಟಿಲು. ಪಟ್ಟಿಯ ಮೇಲೆ ವಿಮಾನದ ಹೆಸರು, ಜಾತಿ, ಎತ್ತರ, ಯಾವ ಜಾಗದ ಮೇಲೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ವಿವರ. ಕಂಟ್ರೋಲರ್ ಹೊಸ ಎತ್ತರ ಕೊಟ್ಟರೆ ಹಳೆಯದನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಬರೆಯುತ್ತಾನೆ. ವಿಮಾನ ಪಕ್ಕದವನ ಸೀಮೆಗೆ ಹೋದರೆ ಪಟ್ಟಿಯೂ ಪಕ್ಕದ ಮೇಜಿಗೆ ಹೋಗುತ್ತದೆ. ಈಗ ಬಹಳ ಕಡೆ ಅದು ಪರದೆಯ ಮೇಲಿನ ಪಟ್ಟಿಯಾಗಿದೆ, ನಿಯಮ ಬದಲಾಗಿಲ್ಲ. ಒಂದು ವಿಮಾನಕ್ಕೆ ಒಂದು ಹೊತ್ತಿನಲ್ಲಿ ಯಜಮಾನ ಒಬ್ಬನೇ.

ಮಾವ ಲೋಟ ಕೆಳಗಿಟ್ಟರು. “ಇದು ನಮ್ಮ ಟೋಕನ್ನೇ ಅಲ್ವೇ!” ಹೌದು, ಅದೇ. ಸಿಂಗಲ್ ಲೈನಿನಲ್ಲಿ ಎರಡು ಸ್ಟೇಷನ್ ನಡುವೆ ಒಂದೇ ಗಾಡಿ ಇರಬೇಕು, ಟೋಕನ್ ಕೈಗೆ ಬರದೆ ಡ್ರೈವರ್ ಹೊರಡುವಂತಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇಟ್ಟು, ಓಡುತ್ತಿರುವ ಎಂಜಿನ್ನಿಗೆ ಕೊಡುತ್ತಿದ್ದ ಕಾಲದವರು ಅವರು. ರಾತ್ರಿ ಮಳೆಯಲ್ಲಿ ಬಳೆ ಎತ್ತಿ ಹಿಡಿದು ನಿಂತ ಕಥೆಗಳನ್ನು ಶುರು ಮಾಡಿದರು. ಆ ಕಥೆಗಳು ಇಲ್ಲಿಗೆ ಬೇಡ. ವಿಮಾನಕ್ಕೂ ರೈಲಿಗೂ ಒಂದು ಭೇದವಿದೆ: ರೈಲನ್ನು ನಿಲ್ಲಿಸಬಹುದು.

ನಿಲ್ಲಿಸಲಾಗದ್ದನ್ನು ದೂರ ಇಡುವುದಕ್ಕೆ ಮೊದಲ ಉಪಾಯ ಎತ್ತರ. ಪೂರ್ವದ ಕಡೆಗೆ ಹೋಗುವವರಿಗೆ ಬೆಸ ಸಾವಿರಗಳು: 33, 35, 37 ಸಾವಿರ ಅಡಿ. ಪಶ್ಚಿಮಕ್ಕೆ ಹೋಗುವವರಿಗೆ ಸಮ ಸಾವಿರಗಳು: 34, 36, 38. ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಹೋಗುವಾಗ ಕ್ಯಾಪ್ಟನ್ 35 ಸಾವಿರ ಅಡಿ ಎಂದು ಘೋಷಿಸಿದರೆ, ವಾಪಸು ಬರುವಾಗ 34 ಅಥವಾ 36 ಎನ್ನುತ್ತಾನೆ. ನೀವೇ ಕಿವಿಗೊಟ್ಟು ಕೇಳಿ ನೋಡಿ. ಎದುರುಬದುರು ಹಾರುವ ಎರಡು ವಿಮಾನಗಳ ನಡುವೆ ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್. ಒಂದೇ ಎತ್ತರದಲ್ಲಿ ಹಾರುವವರ ನಡುವೆ ರಾಡಾರ್ ಕಣ್ಣಿರುವ ಕಡೆ ಸಾಮಾನ್ಯವಾಗಿ ಐದು ನಾಟಿಕಲ್ ಮೈಲಿ, ಅಂದರೆ ಒಂಬತ್ತು ಕಿಲೋಮೀಟರಿಗೂ ಜಾಸ್ತಿ. ನಿಲ್ದಾಣದ ಹತ್ತಿರ ಮೂರು. ಎತ್ತರ ಅಥವಾ ದೂರ, ಎರಡರಲ್ಲಿ ಒಂದು ಇದ್ದೇ ಇರಬೇಕು. ಎರಡೂ ಒಟ್ಟಿಗೆ ಕೈತಪ್ಪಿದರೆ ತನಿಖೆ ಶುರುವಾಗುತ್ತದೆ.

“ಸರಿ, 35 ಸಾವಿರ ಅಡಿ ಅಂತ ಅಳೆಯೋರು ಯಾರು? ಟೇಪು ಬಿಡ್ತಾರೋ?” ಎಂದರು ಮಾವ. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ನನಗೆ ಯಾವಾಗಲೂ ಖುಷಿ. ಯಾರೂ ಅಳೆಯುವುದಿಲ್ಲ! ವಿಮಾನದ ಎತ್ತರದ ಗಡಿಯಾರ ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ, ಅದನ್ನು ಅಡಿಯ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ. ಒತ್ತಡವೋ ಊರಿಂದೂರಿಗೆ, ಹೊತ್ತಿಂದ ಹೊತ್ತಿಗೆ ಬೇರೆ. ಇಳಿಯುವಾಗ ಆ ಊರಿನ ಒತ್ತಡಕ್ಕೆ ಗಡಿಯಾರ ತಿರುಗಿಸಿಕೊಳ್ಳುತ್ತಾರೆ. ಆಗ ಅದು ಸಮುದ್ರಮಟ್ಟದಿಂದ ಲೆಕ್ಕ ಹೇಳುತ್ತದೆ, ದೇವನಹಳ್ಳಿಯಲ್ಲಿ ಚಕ್ರ ನೆಲಕ್ಕೆ ತಾಗಿ ನಿಂತಾಗಲೂ ಸುಮಾರು ಮೂರು ಸಾವಿರ ಅಡಿ ತೋರಿಸುತ್ತದೆ. ಆದರೆ ಒಂದು ಎತ್ತರ ದಾಟಿ ಮೇಲಕ್ಕೇರಿದ ಮೇಲೆ ಯಾವ ದೇಶದ ಯಾವ ಕಂಪನಿಯ ವಿಮಾನವಾದರೂ ಗಡಿಯಾರವನ್ನು 1013.25 ಹೆಕ್ಟೋಪ್ಯಾಸ್ಕಲ್‌ಗೆ ಇಡಲೇಬೇಕು. ಕೆಳಗಿನ ಊರಿನ ಅವತ್ತಿನ ಒತ್ತಡ ಅದಾಗಿರಬೇಕೆಂದಿಲ್ಲ, ಆಗಿರುವುದೂ ಅಪರೂಪ. ಹೀಗಾಗಿ 35 ಸಾವಿರ ಎಂದು ಓದುವಾಗ ನಿಜದ ಎತ್ತರ ಸಾವಿರ ಅಡಿಗೂ ಮೀರಿ ಬೇರೆ ಇರಬಹುದು. ಚಿಂತೆಯಿಲ್ಲ. ನಿಮ್ಮ ಗಡಿಯಾರ ಎಷ್ಟು ಸುಳ್ಳು ಹೇಳುತ್ತದೋ ಪಕ್ಕದ ವಿಮಾನದ್ದೂ ಅಷ್ಟೇ ಸುಳ್ಳು ಹೇಳುತ್ತದೆ. ನಡುವಿನ ಅಂತರ ಹಾಗೇ ಉಳಿಯುತ್ತದೆ. ಎಲ್ಲರೂ ಸೇರಿ ಒಪ್ಪಿಕೊಂಡ ಸುಳ್ಳು ಇಲ್ಲಿ ಪ್ರಾಣ ಕಾಯುತ್ತದೆ. ಒಬ್ಬನೇ ಒಬ್ಬ ಸತ್ಯವಂತ ತನ್ನ ನಿಜವಾದ ಎತ್ತರಕ್ಕೆ ಹಾರುತ್ತೇನೆಂದು ಹಟ ಹಿಡಿದರೆ ಅವನೇ ಎಲ್ಲರಿಗೂ ಮೃತ್ಯು.

ಗಾಳಿ ತೆಳುವಾದಷ್ಟೂ ಈ ಗಡಿಯಾರದ ಸೂಕ್ಷ್ಮ ಕಡಿಮೆಯಾಗುತ್ತದೆಂದು ಬಹಳ ಕಾಲ 29 ಸಾವಿರ ಅಡಿಯ ಮೇಲೆ ಎರಡೆರಡು ಸಾವಿರ ಅಡಿ ಬಿಡುತ್ತಿದ್ದರು. ಉಪಕರಣ ಸುಧಾರಿಸಿದ ಮೇಲೆ ಉತ್ತರ ಅಟ್ಲಾಂಟಿಕ್‌ನಲ್ಲಿ 1997ರಲ್ಲಿ, ನಮ್ಮಲ್ಲಿ 2003ರಲ್ಲಿ ಅದು 41 ಸಾವಿರದವರೆಗೂ ಸಾವಿರ ಅಡಿಗೆ ಇಳಿಯಿತು. ಇದ್ದ ಆಕಾಶದಲ್ಲೇ ಆರು ಹೊಸ ಅಂತಸ್ತು ಬಂದವು.

ಈ ಸಾವಿರ ಅಡಿಯ ಬೆಲೆ ಏನೆಂದು ನಮ್ಮ ದೇಶಕ್ಕೆ ತಿಳಿದದ್ದು 1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಹೊರಟ ಸೌದಿ ಅರೇಬಿಯಾದ ಜಂಬೋ ಜೆಟ್ಟಿಗೆ 14 ಸಾವಿರ ಅಡಿಗೆ ಏರಿ ಅಲ್ಲೇ ಇರು ಎಂದು ಆಜ್ಞೆ. ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಶಿನ್ನಿಗೆ 15 ಸಾವಿರಕ್ಕೆ ಇಳಿದು ಅಲ್ಲೇ ಇರು ಎಂದು ಆಜ್ಞೆ. ನಡುವೆ ಸಾವಿರ ಅಡಿ. ಆಗ ದೆಹಲಿಗೆ ಬರುವವರಿಗೂ ಹೋಗುವವರಿಗೂ ಓಣಿ ಒಂದೇ, ಸುತ್ತಲಿನ ಬಹುಪಾಲು ಆಕಾಶ ವಾಯುಪಡೆಯದು. ರಾಡಾರಿನಲ್ಲಿ ವಿಮಾನ ಎಲ್ಲಿದೆ ಎಂಬ ಚುಕ್ಕೆ ಕಾಣುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂಬುದು ಕಾಣುತ್ತಿರಲಿಲ್ಲ. ಇಲ್ಯೂಶಿನ್ನಿನಲ್ಲಿ ಕಂಟ್ರೋಲರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ರೇಡಿಯೋದವನು, ವಿಮಾನ ನಡೆಸುತ್ತಿದ್ದವರು ಬೇರೆಯವರು. ಆ ವಿಮಾನ 15 ಸಾವಿರದಲ್ಲಿ ನಿಲ್ಲದೆ ಇನ್ನೂ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ 349 ಜನ, ಎರಡೂ ವಿಮಾನದಲ್ಲಿದ್ದ ಅಷ್ಟೂ ಜನ, ಹೋದರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ. ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರ ತನಿಖೆ ನಡೆಯಿತು. ಬರುವ ಹೋಗುವ ದಾರಿ ಬೇರೆಯಾಯಿತು, ಎತ್ತರ ತೋರಿಸುವ ರಾಡಾರು ಬಂತು.

ಪೈಲಟ್–ಕಂಟ್ರೋಲರ್ ಸಂಭಾಷಣೆ ಕೇಳಿದವರಿಗೆ ಗೊತ್ತು, ಅವರು ಹೇಳಿದ್ದೇ ಹೇಳೋ ಕಿಸಬಾಯಿ ದಾಸರು. “ಏರಿ, 14 ಸಾವಿರ” ಎಂದರೆ “ಏರುತ್ತಿದ್ದೇನೆ, 14 ಸಾವಿರ” ಎನ್ನಬೇಕು. ಆಯ್ತು ಸಾರ್ ಎಂದರೆ ನಡೆಯದು. ತಿರುಗಿ ಹೇಳಿದ್ದನ್ನು ಕಂಟ್ರೋಲರ್ ಮತ್ತೆ ಕಿವಿಗೊಟ್ಟು ಕೇಳಬೇಕು. ಬೇಸರದ ಕೆಲಸ. ಆದರೆ ಒಪ್ಪಿಸಿದ್ದಷ್ಟೇ ಸಾಲದು, ಒಪ್ಪಿಸಿದಂತೆ ನಡೆಯಬೇಕು ಎಂಬುದೇ ಚರ್ಖಿ ದಾದ್ರಿಯ ಪಾಠ.

ಅದಕ್ಕೇ ಕೊನೆಯ ಕಾವಲಿಗೆ ವಿಮಾನದೊಳಗೇ ಒಂದು ಯಂತ್ರ ಕೂತಿದೆ. ಟಿಕ್ಯಾಸ್ ಎನ್ನುತ್ತಾರೆ. ಚರ್ಖಿ ದಾದ್ರಿಯ ನಂತರ ನಮ್ಮಲ್ಲಿ ಕಡ್ಡಾಯವಾಯಿತು. ಸುತ್ತಮುತ್ತಲ ವಿಮಾನಗಳ ಯಂತ್ರಗಳ ಜೊತೆ ಅದು ತಾನೇ ಮಾತಾಡಿಕೊಂಡಿರುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನ ಎದುರಾದರೆ ಹತ್ತು ಕಿಲೋಮೀಟರ್ ಸವೆಯುವುದಕ್ಕೆ ಇಪ್ಪತ್ತೇ ಸೆಕೆಂಡು. ಕಣ್ಣಿಗೆ ಕಂಡು, ಬುದ್ಧಿಗೆ ಹೊಳೆದು, ಕೈ ಓಡುವಷ್ಟು ಹೊತ್ತಿಲ್ಲ. ಆಗ ಎರಡೂ ಯಂತ್ರ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಒಬ್ಬನಿಗೆ ಏರು ಎನ್ನುತ್ತವೆ, ಇನ್ನೊಬ್ಬನಿಗೆ ಇಳಿ ಎನ್ನುತ್ತವೆ.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ ಯಂತ್ರಗಳು ಹೀಗೇ ಸರಿಯಾಗಿ ಹೇಳಿದವು. ಆದರೆ ಜ್ಯೂರಿಕ್ಕಿನ ಕಂಟ್ರೋಲರ್ ಆ ರಾತ್ರಿ ಒಬ್ಬನೇ ಎರಡು ಮೇಜು ನೋಡಿಕೊಳ್ಳುತ್ತಿದ್ದ, ದುರಸ್ತಿಯ ಕೆಲಸಕ್ಕೆಂದು ಫೋನ್ ಲೈನು ಬಂದಾಗಿತ್ತು. ತಡವಾಗಿ ಗಮನಿಸಿ ರಷ್ಯದ ವಿಮಾನಕ್ಕೆ ಇಳಿ ಎಂದ. ಅದರ ಯಂತ್ರ ಏರು ಎಂದಿತು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಎದುರಿನ ಸರಕು ವಿಮಾನ ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. ಇಬ್ಬರೂ ಇಳಿದರು. ಸತ್ತ 71 ಜನರಲ್ಲಿ ಹೆಚ್ಚಿನವರು ರಜೆಗೆ ಸ್ಪೇನಿಗೆ ಹೊರಟಿದ್ದ ಶಾಲಾಮಕ್ಕಳು. ಅಲ್ಲಿಂದಾಚೆ ಸಂದೇಹವಿಲ್ಲದಂತೆ ಬರೆದಿಟ್ಟರು: ಯಂತ್ರ ಹೇಳಿದರೆ ಯಂತ್ರದ ಮಾತೇ ಕೊನೆ, ಕಂಟ್ರೋಲರ್ ಸುಮ್ಮನಿರಬೇಕು.

ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಇಷ್ಟೆಲ್ಲಾ ಯಂತ್ರ ಬಂದ್ಮೇಲೆ ಕರಾರುವಾಕ್ಕಾಗಿ ಹಾರ್ತಾರೆ, ಇನ್ನೇನು ಭಯ?” ಅಂದರು.

ಕರಾರುವಾಕ್ಕಿನದೇ ಭಯ! ಮೊದಲು ವಿಮಾನಗಳು ಒಂದೇ ಮಾರ್ಗದಲ್ಲಿ ಹಾರಿದರೂ ದಿಕ್ಸೂಚಿಯ ಲೋಪದಿಂದ ಅತ್ತಿತ್ತ ಒಂದೆರಡು ಮೈಲಿ ಚೆದುರಿರುತ್ತಿದ್ದವು. ಎತ್ತರದಲ್ಲಿ ಎಡವಟ್ಟಾದರೂ ಪಕ್ಕದಲ್ಲಿ ದಾಟಿಹೋಗುತ್ತಿದ್ದವು. ಉಪಗ್ರಹದ ಜಿಪಿಎಸ್ ಬಂದಮೇಲೆ ಎಲ್ಲರೂ ಗೆರೆ ಕೊರೆದಂತೆ ಅದೇ ಗೆರೆಯ ಮೇಲೆ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲಿನ ಅಮೆಜಾನ್ ಕಾಡಿನ ಮೇಲೆ ಒಂದು ಪ್ರಯಾಣಿಕ ವಿಮಾನ ಮತ್ತು ಒಂದು ಸಣ್ಣ ಖಾಸಗಿ ಜೆಟ್ ಎದುರುಬದುರು ಹಾರುತ್ತಿದ್ದವು. ಸಮ ಸಾವಿರಕ್ಕೆ ಬದಲಾಗಬೇಕಿದ್ದ ಜೆಟ್ಟು 37 ಸಾವಿರದಲ್ಲೇ ಉಳಿದಿತ್ತು, ಅದರ ಎತ್ತರ ಸಾರುವ ಉಪಕರಣ ಕೆಲಸ ನಿಲ್ಲಿಸಿತ್ತು. ಒಂದೇ ಎತ್ತರ, ಒಂದೇ ಗೆರೆ. ಇಡೀ ಅಮೆಜಾನಿನ ಆಕಾಶ ಖಾಲಿ ಬಿದ್ದಿದ್ದಾಗ ರೆಕ್ಕೆಗೆ ರೆಕ್ಕೆ ತಾಗಿತು. 154 ಜನ ಹೋದರು. ಜೆಟ್ಟು ಮಾತ್ರ ಹೇಗೋ ಇಳಿಯಿತು. ಆಕಾಶದ ದೊಡ್ಡತನ ನಂಬುವವರು ನೆನಪಿಡಬೇಕಾದ ಕಥೆ ಇದು.

ಇದಕ್ಕೆ ಮದ್ದಾಗಿ ಸಾಗರಗಳ ಮೇಲೆ ಹಾರುವವರಿಗೆ ಒಂದು ಪದ್ಧತಿ ಇದೆ. ಗೆರೆಯ ಮೇಲೆ ಹಾರಬೇಡಿ, ಬೇಕೆಂದೇ ಒಂದು ಅಥವಾ ಎರಡು ಮೈಲಿ ಬಲಕ್ಕೆ ಸರಿದುಕೊಳ್ಳಿ. ಕೂದಲು ಸೀಳುವ ಉಪಕರಣ ಕೈಯಲ್ಲಿದ್ದೂ ಲೆಕ್ಕ ಹಾಕಿ ತಪ್ಪುವುದು! 1922ರ ಆ ಬಲಗಡೆಯ ಪದ್ಧತಿಗೇ ಉಪಗ್ರಹದ ಕಾಲವೂ ಶರಣಾಗಿದೆ.

ಇದೆಲ್ಲ ದೂರದ ಮಾತಲ್ಲ. 2022ರ ಜನವರಿ 7ರ ಬೆಳಿಗ್ಗೆ ನಮ್ಮ ಬೆಂಗಳೂರಿನಲ್ಲೇ ಎರಡು ಸಮಾನಾಂತರ ರನ್‌ವೇಗಳಿಂದ, ಒಂದು ಕೋಲ್ಕತ್ತಕ್ಕೆ, ಒಂದು ಭುವನೇಶ್ವರಕ್ಕೆ, ಎರಡು ವಿಮಾನ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದವು. ಒಂದೇ ರನ್‌ವೇ ಬಳಸುವುದೆಂದು ಆ ಹೊತ್ತಿಗೆ ತೀರ್ಮಾನವಾಗಿತ್ತು, ಆ ತೀರ್ಮಾನ ಇನ್ನೊಂದು ರನ್‌ವೇ ನೋಡುವವರಿಗೆ ಮುಟ್ಟಿರಲಿಲ್ಲ. ಎರಡೂ ಒಂದರತ್ತ ಒಂದು ಸರಿಯತೊಡಗಿದಾಗ ರಾಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಕಂಡು, ಇಬ್ಬರನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು. ಒಂದು ಮಾತು ತಲುಪದಿದ್ದರೆ ಏನಾಗುತ್ತದೆ, ಒಬ್ಬರು ಎಚ್ಚರವಿದ್ದರೆ ಏನಾಗುವುದಿಲ್ಲ, ಎರಡೂ ಒಂದೇ ಬೆಳಿಗ್ಗೆ ಗೊತ್ತಾಯಿತು.

ಅಷ್ಟರಲ್ಲಿ ದೇವನಹಳ್ಳಿಯ ಸಾಲು ನಿಂತುಹೋಗಿತ್ತು. ಉತ್ತರದಲ್ಲಿ ಮೋಡ ಕಪ್ಪಾಗಿ ಮಿಂಚುತ್ತಿತ್ತು. ಇಂಥ ಹೊತ್ತಿನಲ್ಲಿ ಬರುವ ವಿಮಾನಗಳನ್ನು ತ್ರಿಶಂಕುವಿನಂತೆ ಮೇಲೇ ಸುತ್ತಿಸುತ್ತಾರೆ. ಮೇಲೊಂದು, ಸಾವಿರ ಅಡಿ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಎಲ್ಲವೂ ಒಂದೇ ಜಾಗದ ಮೇಲೆ ಮೊಟ್ಟೆಯಾಕಾರದ ಸುತ್ತು. ಕಟ್ಟಕಡೆಯದು ಇಳಿಯಲು ಹೊರಟರೆ ಮಿಕ್ಕವೆಲ್ಲ ಒಂದೊಂದು ಅಂತಸ್ತು ಕೆಳಕ್ಕೆ. ಮುಂದೆ ಇಳಿದದ್ದು ದುಬೈಯಿಂದ ಬಂದ ದೈತ್ಯ ಎ-380 ಆದರೆ, ಅದರ ರೆಕ್ಕೆಯ ತುದಿಯಿಂದ ಎದ್ದ ಕಣ್ಣಿಗೆ ಕಾಣದ ಗಾಳಿಯ ಸುಳಿ ಅಡಗುವವರೆಗೆ ಹಿಂದಿನ ಸಾಧಾರಣ ವಿಮಾನ ಏಳು ನಾಟಿಕಲ್ ಮೈಲಿ ದೂರವೇ ಇರಬೇಕು. ಒಳಗೆ ಕೂತವರು ಗಡಿಯಾರ ನೋಡಿಕೊಳ್ಳುತ್ತಾರೆ. ಕರೆದೊಯ್ಯಲು ಬಂದವರು ಕೆಳಗೆ ಪಾರ್ಕಿಂಗ್ ದುಡ್ಡು ಲೆಕ್ಕ ಹಾಕುತ್ತಾರೆ.

“ಸಿಗ್ನಲ್ ಕೊಡದೆ ಹೊರಗೆ ನಿಲ್ಸಿದ್ದಕ್ಕೆ ಎಷ್ಟು ಜನ ನನ್ನ ಬೈದಿದ್ದಾರೆ ಗೊತ್ತೇ?” ಎಂದರು ಮಾವ. “ಯಾಕೆ ನಿಲ್ಸಿದ್ರಿ ಅಂತ ಕೇಳೋರೇ ಎಲ್ಲಾ. ಯಾಕೆ ಬಿಟ್ರಿ ಅಂತ ಕೇಳೋ ಹಂಗೆ ನಾನು ಯಾವತ್ತೂ ಮಾಡ್ಲಿಲ್ಲ.”

ಓದುಗರಲ್ಲಿ ನನ್ನದೂ ಅಷ್ಟೇ ಬಿನ್ನಹ. ಮುಂದಿನ ಸಲ ಊರು ಕೆಳಗೆ ಕಾಣುತ್ತಿದ್ದೂ ವಿಮಾನ ಸುತ್ತು ಹಾಕತೊಡಗಿದರೆ, ದಟ್ಟಣೆಯ ಕಾರಣ ಇನ್ನು ಇಪ್ಪತ್ತು ನಿಮಿಷ ತಡ ಎಂದು ಕ್ಯಾಪ್ಟನ್ ಹೇಳಿದರೆ, ಗೊಣಗಬೇಡಿ. ಟಿಕೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಆ ಇಪ್ಪತ್ತು ನಿಮಿಷವೂ ಸೇರಿದೆ, ಮತ್ತು ಅದು ನಷ್ಟದ ಬಾಬತ್ತಲ್ಲ.